ತೂತಿನ ತಟ್ಟೆ

ಅತ್ತೆಯ ಬಲಗೈಯಲ್ಲಿ ಉಗುರುಗಳಿಲ್ಲ. ತಟ್ಟೆ ತೊಳೆಯುವ ಸೋಡಾ ನೀರು ತಿಂದುಹಾಕಿದೆ. ಉಗುರಿದ್ದ ಜಾಗದಲ್ಲಿ ಈಗ ಬಿಳಿಚಿದ ಚರ್ಮ ಮಾತ್ರ ಇದೆ. ಸೊಸೆಯ ಕೈಯಲ್ಲಿ ಉಗುರುಗಳು ಇನ್ನೂ ಇವೆ, ಆದರೆ ಅವೂ ಹೊರಡುವ ತಯಾರಿಯಲ್ಲಿವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಜನ ಸಲೀಸಾಗಿ ಹೇಳಿಬಿಡುತ್ತಾರೆ. ಈ ಇಬ್ಬರ ಅಂಗೈಯನ್ನು ಇದುವರೆಗೆ ಯಾರೂ ನೋಡುವ ಗೋಜಿಗೇ ಹೋಗಿಲ್ಲ.

ಇಬ್ಬರೂ ತೊಳೆದದ್ದು ಒಂದೇ ಹೋಟೆಲಿನ ತಟ್ಟೆಗಳನ್ನು. ಮೊದಲು ಅತ್ತೆ ತೊಳೆದಳು. ಸೋಡಾದ ಹಬೆ ಕುಡಿದು ಕುಡಿದು ಅವಳ ಎದೆ ಕಟ್ಟಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಆಗ ಅದೇ ತೊಟ್ಟಿಯ ಮುಂದೆ ಸೊಸೆ ಬಂದು ಕೂತಳು. ಕೂರುವ ಮಣೆಯೂ ಬದಲಾಗಲಿಲ್ಲ. ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡ ಆಗಿದ್ದವನು ಲಾರಿಯಿಂದ ಉರುಳಿದ ಮೂಟೆಗಳ ಕೆಳಗೆ ಸಿಕ್ಕಿ ಅದಕ್ಕೂ ಮೊದಲೇ ಸತ್ತಿದ್ದ. ಆ ಮನೆಯಲ್ಲಿ ಉಳಿದದ್ದು ಎರಡು ಹೊಟ್ಟೆ, ದುಡಿಯುವುದಕ್ಕೆ ಒಂದು ಜೀವ.

ಹೋಟೆಲು ದೊಡ್ಡದಲ್ಲ. ಬೀದಿಯ ತಿರುವಿನಲ್ಲಿದೆ. ಹಳದಿ ದೀಪ, ಚೌಕುಳಿ ಪರದೆ, ಬಾಗಿಲಿನ ಎರಡೂ ಕಡೆ ಹೂವಿನ ಕುಂಡ. ಒಳಗೆ ಬೆರಳೆಣಿಕೆಯಷ್ಟು ಟೇಬಲ್ಲುಗಳು. ಬಾಗಿಲ ಮೇಲೆ 'ಬನ್ನಿ, ಇದು ನಿಮ್ಮದೇ ಮನೆ' ಎಂದು ಬೋರ್ಡು. ಸುತ್ತಲ ಬೀದಿಗಳ ಜನಕ್ಕೆ ಆ ಹೋಟೆಲೆಂದರೆ ಪ್ರಾಣ. ಮನೆಯಲ್ಲಿ ಜಗಳವಾದರೆ ಅಲ್ಲಿಗೆ ಬರುತ್ತಾರೆ, ರಾಜಿಯಾದರೂ ಅಲ್ಲಿಗೇ ಬರುತ್ತಾರೆ. ಯಜಮಾನ ಬಾಗಿಲಲ್ಲೇ ನಿಂತಿರುತ್ತಾನೆ. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಾರೆ. ಯಾರ ಮಂಡಿ ನೋವು ಹೇಗಿದೆ, ಯಾರ ಮಗಳಿಗೆ ಪರೀಕ್ಷೆ, ಯಾರಿಗೆ ಉಪ್ಪು ಕಡಿಮೆ ಬೇಕು, ಎಲ್ಲ ಅವನಿಗೆ ಗೊತ್ತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ.

ಅದು ಮುಂದಿನ ಬಾಗಿಲ ಕತೆ. ಸೊಸೆಗೆ ಗೊತ್ತಿರುವುದು ಹಿಂದಿನ ಬಾಗಿಲು. ಓಣಿಯಲ್ಲಿ ಕಸದ ಡಬ್ಬಗಳ ನಡುವೆ ನುಸುಳಿ ಬಂದರೆ ತೊಳೆಯುವ ಕೋಣೆ. ಕೋಣೆ ಎಂದರೆ ಮರ್ಯಾದೆ ಜಾಸ್ತಿಯಾಯಿತು. ಒಂದು ಸಿಮೆಂಟಿನ ತೊಟ್ಟಿ, ಒಂದು ನಲ್ಲಿ, ಒಂದು ಚರಂಡಿ. ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಿಂದ ಎಂಜಲು ತಟ್ಟೆಗಳು ಒಳಗೆ ಬರುತ್ತವೆ. ತಟ್ಟೆಯ ಹಿಂದೆ ಒಂದು ಮುಂಗೈ ಕಾಣುತ್ತದೆ. ಮುಂಗೈಯ ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಊಟ ಮಾಡಿದವರ ಮುಖವನ್ನು ಸೊಸೆ ಕಂಡವಳೇ ಅಲ್ಲ, ಅವರು ಬಿಟ್ಟದ್ದನ್ನು ಮಾತ್ರ ಕಂಡವಳು. ಬ್ರೆಡ್ಡಿನ ಅಂಚನ್ನು ಕತ್ತರಿಸಿ ತಟ್ಟೆಯ ಬದಿಗೆ ಸಾಲಾಗಿ ಜೋಡಿಸುವವರೊಬ್ಬರಿದ್ದಾರೆ. ಲೋಟದ ತುದಿಗೆ ತುಟಿಬಣ್ಣ ಮೆತ್ತುವವಳೊಬ್ಬಳಿದ್ದಾಳೆ. ಆ ಬಣ್ಣ ಸೋಡಾಕ್ಕೂ ಬಗ್ಗುವುದಿಲ್ಲ, ಹೆಬ್ಬೆರಳಿನಲ್ಲೇ ಉಜ್ಜಬೇಕು.

ಹೋಟೆಲಿನ ತಟ್ಟೆಗಳೆಲ್ಲ ಬಿಳಿ ಪಿಂಗಾಣಿಯವು, ಅಂಚಿಗೆ ನೀಲಿ ಗೆರೆ. ಅಡುಗೆಯವನು ಉಣ್ಣುವುದೂ ಅದರಲ್ಲೇ, ಸಪ್ಲಯರ್ ಉಣ್ಣುವುದೂ ಅದರಲ್ಲೇ. ತೊಟ್ಟಿಯ ಮುಂದೆ ಕೂತವಳಿಗೆ ಮಾತ್ರ ಬೇರೆ. ಅಲ್ಯೂಮಿನಿಯಂ ತಟ್ಟೆ. ಅಂಚಿನ ಒಳಗೆ ಮೊಳೆ ಹೊಡೆದು ಮಾಡಿದ ಒಂದು ತೂತು. ಊಟವಾದ ಮೇಲೆ ತೊಳೆದು ಚರಂಡಿಯ ಮೇಲಿನ ಮೊಳೆಗೆ ನೇತುಹಾಕಬೇಕು. ಅತ್ತೆಯದೊಂದು ತಟ್ಟೆ, ಸೊಸೆಯದೊಂದು ತಟ್ಟೆ. ತೂತು ಯಾಕಣ್ಣ ಎಂದರೆ ಮೊಳೆಗೆ ಹಾಕೋಕೆ ಎನ್ನುತ್ತಾನೆ ಯಜಮಾನ. ಮೊಳೆ ಯಾಕಣ್ಣ ಎಂದರೆ ಕಪಾಟಿನಲ್ಲಿ ಜಾಗ ಇಲ್ಲ ಎನ್ನುತ್ತಾನೆ. ಕಪಾಟಿನಲ್ಲಿ ತಟ್ಟೆ ಒರೆಸಿ ಜೋಡಿಸುವವಳೇ ಸೊಸೆ. ಜಾಗ ಇದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲವೆ?

ನಿಜವಾದ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ. ಅವರಿಬ್ಬರೂ ಕಾಲುವೆಯಾಚೆಯವರು. ಊರಿನ ಕೊಳಕು ನೀರೆಲ್ಲ ಹರಿಯುವ ಕಾಲುವೆ ಅದು. ಅದರಾಚೆ ಹುಟ್ಟಿದವರಿಗೆ ಚರಂಡಿ, ತೊಟ್ಟಿ, ಸತ್ತ ಪ್ರಾಣಿ ಎತ್ತುವ ಕೆಲಸ. ಈಚೆಯವರು ಅವರ ಕೈಯಿಂದ ಒಂದು ಲೋಟ ನೀರು ಮುಟ್ಟುವುದಿಲ್ಲ. ಅವರ ಕೈ ತೊಳೆದ ತಟ್ಟೆಯಲ್ಲಿ ಮಾತ್ರ ಬೆರಳು ನೆಕ್ಕಿಕೊಂಡು ಉಣ್ಣುತ್ತಾರೆ. ಇದು ಯಾವ ಸೀಮೆಯ ನ್ಯಾಯವೋ, ಕೇಳಿದವರಿಲ್ಲ.

ಅತ್ತೆಗೆ ಯಜಮಾನ ಒಂದು ಮಾತು ಕೊಟ್ಟಿದ್ದ. ಅವಳ ಮೊದಲ ಉಗುರು ಕಿತ್ತು ಬಂದ ದಿನ ಕೊಟ್ಟದ್ದು.

"ಅಮ್ಮಾ, ನೀವು ನನ್ನ ತಾಯಿ ಥರ. ಒಂದಿನ ನಿಮ್ಮನ್ನ ಆ ಕಿಟಕಿ ಪಕ್ಕದ ಟೇಬಲ್ಲಲ್ಲಿ ಕೂರಿಸಿ ನನ್ನ ಕೈಯಾರೆ ಬಡಿಸ್ತೀನಿ ನೋಡ್ತಾ ಇರಿ."

ಎರಡನೆಯ ಉಗುರು ಹೋದಾಗಲೂ ಅದನ್ನೇ ಹೇಳಿದ. ಕೆಮ್ಮಿನಲ್ಲಿ ರಕ್ತ ಬಂದಾಗಲೂ ಅದನ್ನೇ ಹೇಳಿದ. ಮೂಗಿಗೆ ತುಪ್ಪ ಸವರುವುದಕ್ಕೆ ಖರ್ಚೇನೂ ಇಲ್ಲವಲ್ಲ. ಸೊಸೆ ನಗುತ್ತಿದ್ದಳು. ಅತ್ತೆ ಮಾತ್ರ ನಂಬಿದ್ದಳು. ನಂಬಿ ನಂಬಿ ಮುದುಕಿಯಾದಳು.

ಈಗ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಸೊಸೆಯನ್ನು ಹೊರಗೆ ಕರೆದು ಹೇಳಿದರು. "ಇನ್ನು ಔಷಧಿ ಕೊಟ್ಟು ಹಿಂಸೆ ಮಾಡ್ಬೇಡಮ್ಮ. ಬಾಯಿಗೆ ಏನು ಇಷ್ಟಾನೋ ತಿನ್ನಿಸು."

ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ಮುದುಕಿಗೂ ಗೊತ್ತಾಯಿತು. ಮನೆಗೆ ಬಂದು ಗೋಡೆಗೆ ಒರಗಿ ಕೂತವಳು ತಾನೇ ಬಾಯಿಬಿಟ್ಟಳು.

"ಏನಂದ್ರು? ಏನು ಬೇಕೋ ತಿನ್ನಲಿ ಅಂದ್ರಾ?"

"ಹೂಂ ಅತ್ತೆ."

"ಹಂಗಾದ್ರೆ ಟಿಕೆಟ್ ಕೊಟ್ಟಾಯ್ತು ಅನ್ನು."

"ಬಿಡ್ತು ಅನ್ನಿ. ಏನು ಬೇಕು ಹೇಳಿ."

ಮುದುಕಿ ಉಸಿರೆಳೆದುಕೊಂಡಳು. "ಆ ಹೋಟ್ಲು ಸೂಪು. ಕಿಟಕಿ ಪಕ್ಕ ಕೂತು. ಯಾರಾದ್ರೂ ತಂದು ನನ್ನ ಮುಂದೆ ಇಡಬೇಕು. ಬಿಸಿ ಇರಬೇಕು ಕಣೇ. ನಾನು ಆ ಸೂಪು ಬಿಸಿ ಇದ್ದದ್ದು ನೋಡೇ ಇಲ್ಲ. ಬಟ್ಟಲ ತಳಕ್ಕೆ ಕಚ್ಚಿಕೊಂಡಿದ್ದನ್ನೇ ಕೆರೆದೂ ಕೆರೆದೂ ಸಾಕಾಗಿದೆ."

"ನಾನು ತಂದುಕೊಡ್ತೀನಿ, ಡಬ್ಬಿಯಲ್ಲಿ."

"ಡಬ್ಬಿಯಲ್ಲಿ ಬೇಡ. ಅಣ್ಣ ಕೂರಿಸ್ತೀನಿ ಅಂದಿದಾನೆ."

"ಅವನು ಕರೆಯೋ ತನಕ ಕಾಯ್ತಾ ಕೂತ್ರೆ ನೀವು ಇರ್ತೀರಾ?"

ಹೇಳಿದ ಮೇಲೆ ಸೊಸೆ ನಾಲಿಗೆ ಕಚ್ಚಿಕೊಂಡಳು. ಮುದುಕಿ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ಸೊಸೆ ತೀರ್ಮಾನ ಮಾಡಿಯಾಗಿತ್ತು. ಕರೆಯುವುದಕ್ಕೆ ಯಾರಿಗಾಗಿ ಕಾಯಬೇಕು? ಬೋರ್ಡಿನಲ್ಲೇ ಬನ್ನಿ ಎಂದು ಬರೆದಿದೆ.

ಅವಳ ವಾರದ ರಜೆಯ ದಿನ ಹೊರಟರು. ರಜೆ ಎನ್ನುವುದೂ ಒಂದು ನಗೆಪಾಟಲು. ಅವಳಿಗೆ ರಜೆ, ಎಂಜಲಿಗೆ ರಜೆಯಿಲ್ಲ. ಆ ದಿನದ ತಟ್ಟೆಗಳೆಲ್ಲ ತೊಟ್ಟಿಯಲ್ಲಿ ಗುಡ್ಡೆ ಬಿದ್ದಿರುತ್ತವೆ, ಮರುದಿನ ಬೆಳಗ್ಗೆ ಒಣಗಿ ಕಲ್ಲಾಗಿ ಅವಳನ್ನೇ ಕಾಯುತ್ತಿರುತ್ತವೆ. ಅವಳ ಬದಲಿಗೆ ಇನ್ನೊಬ್ಬಳನ್ನು ಯಜಮಾನ ಇಟ್ಟಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸುವ ಜಾತಿಯವನಲ್ಲ ಅವನು.

ಮುದುಕಿ ಮಡಿಸಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟಳು. ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಕಾಲುವೆಯ ಸೇತುವೆ ದಾಟುವಷ್ಟರಲ್ಲಿ ಮೂರು ಕಡೆ ಕೂತಳು. ಹೋಟೆಲಿನ ಬೀದಿ ಬಂದಾಗ ಅವಳ ಕಾಲು ತಾನಾಗಿ ಓಣಿಯ ಕಡೆ ತಿರುಗಿತು. ಸೊಸೆ ತೋಳು ಹಿಡಿದು ಮುಂದಿನ ಬಾಗಿಲಿಗೆ ತಂದು ನಿಲ್ಲಿಸಿದಳು. ಹೊಟ್ಟೆ ತುಂಬ ಉಣ್ಣಲು ಬಂದವರಿಗೆ ಕಳ್ಳರ ಹಾಗೆ ನಡುಕ.

ಅದೃಷ್ಟವೋ ಏನೋ, ಯಜಮಾನ ಮೀನು ತರಲು ಮಾರುಕಟ್ಟೆಗೆ ಹೋಗಿದ್ದ. ಬಾಗಿಲಲ್ಲಿ ಇದ್ದವನು ಹೊಸ ಸಪ್ಲಯರ್. ತೆಂಗಿನ ಮರದ ಹಾಗೆ ಉದ್ದಕ್ಕಿದ್ದ, ಒಳಗಿನವರೆಲ್ಲ ಲಂಬು ಎಂದು ಕರೆಯುತ್ತಿದ್ದರು. ಸೇರಿ ವಾರವಾಗಿತ್ತಷ್ಟೆ. ಕಿಂಡಿಯ ಆಚೆಗಿದ್ದವಳ ಮುಖವನ್ನು ಅವನು ಕಂಡಿರಲಿಲ್ಲ.

"ಬನ್ನಿ, ಬನ್ನಿ. ಎಲ್ಲಿ ಕೂರ್ತೀರ?"

"ಕಿಟಕಿ ಪಕ್ಕ," ಎಂದಳು ಸೊಸೆ.

ಕೂತರು. ಕುರ್ಚಿಗೆ ಮೆತ್ತೆಯಿತ್ತು. ಬಿಸಿಲು ಚೌಕುಳಿ ಪರದೆಯಿಂದ ಸೋಸಿಕೊಂಡು ಟೇಬಲ್ಲಿನ ಮೇಲೆ ಬಿದ್ದಿತ್ತು. ಮುದುಕಿ ಮುಂದಿದ್ದ ತಟ್ಟೆಯನ್ನು ತಿರುಗಿಸಿ ನೋಡಿ, ಅಂಚಿನಲ್ಲಿ ಮುಕ್ಕಾದ ಜಾಗದ ಮೇಲೆ ಬೆರಳಿಟ್ಟಳು.

"ಇದು ನನ್ನ ಕೈಯಲ್ಲೇ ಮುಕ್ಕಾಗಿದ್ದು ಕಣೇ. ಅವತ್ತು ಊಟ ಕೊಡಲಿಲ್ಲ."

"ಮೆಲ್ಲಗೆ ಅತ್ತೆ."

ಪಕ್ಕದ ಟೇಬಲ್ಲಿನಲ್ಲಿ ಕನ್ನಡಕದ ಮೇಷ್ಟ್ರೊಬ್ಬರು ಮುತ್ತಿನ ಸರದ ಹೆಂಡತಿಯ ಜೊತೆ ಕೂತಿದ್ದರು. ಪೇಪರಿನಲ್ಲಿ ಬಂದ ಯಾವುದೋ ಅನ್ಯಾಯದ ಬಗ್ಗೆ ಬಿಸಿಯಾಗಿ ಮಾತಾಡುತ್ತಿದ್ದರು. ಮಾತಾಡುತ್ತಲೇ ಬ್ರೆಡ್ಡಿನ ಅಂಚನ್ನು ಕತ್ತರಿಸಿ ತಟ್ಟೆಯ ಬದಿಗೆ ಸಾಲಾಗಿ ಜೋಡಿಸುತ್ತಿದ್ದರು. ಸೊಸೆ ಅದನ್ನು ನೋಡಿದಳು. ಆಮೇಲೆ ಹೆಂಡತಿಯ ಲೋಟದ ತುದಿ ನೋಡಿದಳು. ಓಹೋ, ನೀವಾ ಅಂದುಕೊಂಡಳು. ಬೇಡ ಬೇಡವೆಂದರೂ ನಗು ಬಂತು. ಇಷ್ಟು ವರ್ಷದ ಗುರುತು, ಅವರಿಗೆ ಮಾತ್ರ ತಿಳಿಯದು.

ಲಂಬು ಚಮಚ ಇಡಲು ಬಗ್ಗಿದ. ಟೇಬಲ್ಲಿನ ಮೇಲಿದ್ದ ಸೊಸೆಯ ಕೈಗಳನ್ನು ನೋಡಿದ. ಬಿರಿದ ಬೆರಳು, ಸೋಡಾ ಸುಟ್ಟ ಮಣಿಕಟ್ಟು. ವಾರವಿಡೀ ಕಿಂಡಿಯಲ್ಲಿ ತಟ್ಟೆ ಇಸಿದುಕೊಂಡ ಕೈ ಅದು. ಅವನು ತಲೆಯೆತ್ತಿ ಅವಳ ಮುಖ ನೋಡಿದ. ಚಮಚವನ್ನು ನೆಟ್ಟಗೆ ಮಾಡಿ, "ಸೂಪ್ ತರ್ತೀನಿ ಅಮ್ಮ," ಎಂದು ಒಳಗೆ ಹೋದ.

ಸೂಪು ಬಂತು. ಹೊಗೆಯಾಡುತ್ತಿತ್ತು. ಮುದುಕಿ ಬಟ್ಟಲಿನ ಮೇಲೆ ಬಗ್ಗಿ ಸುಮ್ಮನೆ ಆ ಹಬೆ ಎಳೆದುಕೊಂಡಳು. ಸೋಡಾ ಇಲ್ಲದ ಹಬೆ. ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

"ಬಿಸಿ ಇದೆ ಕಣೇ."

ಅಷ್ಟೇ ಹೇಳಿದ್ದು. ಇನ್ನೊಂದು ಚಮಚ ಹೋಯಿತು, ಮತ್ತೊಂದು ಹೋಯಿತು. ಮುದುಕಿಯ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದಿದ್ದ ಒಂದು ಬಣ್ಣ ಬಂತು. ಇಷ್ಟಕ್ಕೇ ಎಲ್ಲ ನಿಂತಿದ್ದರೆ ಈ ಕತೆ ಹೇಳುವ ದರ್ದೇ ಇರಲಿಲ್ಲ.

ಮೇಷ್ಟ್ರು ಊಟ ಮುಗಿಸಿ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

ತಟ್ಟೆ ಟೇಬಲ್ಲಿನ ಮೇಲೆ ಜಾರಿದ ಸದ್ದು. ಮುದುಕಿಯ ಕೈಯಿಂದ ಚಮಚ ಕೆಳಗಿಳಿಯಿತು. ಅವಳು ಎದ್ದಳು. ಯಾರೂ ಎಬ್ಬಿಸಲಿಲ್ಲ, ಅವಳೂ ಏಳಬೇಕೆಂದುಕೊಳ್ಳಲಿಲ್ಲ. ಕಾಲು ಎದ್ದಿತು, ಕೈ ಎದ್ದಿತು. ಪಕ್ಕದ ಟೇಬಲ್ಲಿಗೆ ಹೋಗಿ ಮೇಷ್ಟ್ರ ತಟ್ಟೆ ಎತ್ತಿದಳು. ಬ್ರೆಡ್ಡಿನ ಅಂಚುಗಳನ್ನು ಅಂಗೈ ಬದಿಯಿಂದ ಬಳಿದು ಹೆಂಡತಿಯ ತಟ್ಟೆಗೆ ಹಾಕಿದಳು. ಒಂದರ ಮೇಲೊಂದು ಪೇರಿಸಿದಳು. ಎಡತೋಳಿನ ಮೇಲೆ ಏರಿಸಿಕೊಂಡಳು. ಲೋಟದ ತುದಿಯ ತುಟಿಬಣ್ಣವನ್ನು ಉಗುರಿಲ್ಲದ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು. ಸೊಸೆ "ಅತ್ತೇ" ಎನ್ನುವಷ್ಟರಲ್ಲಿ ಮುದುಕಿ ಕಿಂಡಿಯ ಹತ್ತಿರ ಇದ್ದಳು. ತಟ್ಟೆಗಳನ್ನು ಕಿಂಡಿಯೊಳಗೆ ಇಟ್ಟಳು. ಆ ಕಿಂಡಿಯ ಈಚೆಯಿಂದ ಅವಳು ತಟ್ಟೆ ಇಟ್ಟದ್ದು ಅದೇ ಮೊದಲು.

"ಅಯ್ಯೋ, ಏನ್ರೀ ಇದು?" ಎಂದಳು ಮುತ್ತಿನ ಸರದವಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವಳ ಉಗುರಿಲ್ಲದ ಬೆರಳುಗಳನ್ನು ನೋಡಿದರು. "ಇವರು ಒಳಗಡೆ ತೊಳೆಯೋರಲ್ವಾ? ಕಾಲುವೆಯಾಚೆಯವರು?"

ಮುದುಕಿಗೆ ಆಗ ಎಚ್ಚರವಾಯಿತು. ಬರಿಗೈಯಲ್ಲಿ ಟೇಬಲ್ಲುಗಳ ನಡುವೆ ನಿಂತಿದ್ದಳು. ಎಲ್ಲ ಟೇಬಲ್ಲುಗಳಲ್ಲೂ ಬಾಯಿ ನಿಂತಿತ್ತು. ಒಬ್ಬ ತನ್ನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಸರಿಯಾಗಿ ಅದೇ ಹೊತ್ತಿಗೆ ಯಜಮಾನ ಮೀನಿನ ಬುಟ್ಟಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ.

ಒಂದೇ ನೋಟಕ್ಕೆ ಅವನಿಗೆ ಎಲ್ಲ ತಿಳಿಯಿತು. ಆದರೂ ಮುಖದ ನಗು ಮಾಸಲಿಲ್ಲ. ಅವನ ಕಸುಬೇ ಅದು.

"ಅರೆ, ಅಮ್ಮಾ! ಎಷ್ಟು ದಿನ ಆಯ್ತು ನೋಡಿ! ಇದೇನು, ಇಲ್ಲಿ ಬಂದು ಕೂತ್ರಿ ನೆಂಟರ ಥರ? ನೀವು ಮನೆಯವರು. ಮನೆಯವರು ಒಳಗಲ್ವಾ ಉಣ್ಣೋದು? ಬನ್ನಿ, ಬನ್ನಿ, ಒಳಗೆ ಬನ್ನಿ."

ಕೂತಿದ್ದವರು ಹಗುರಾದರು. ಒಬ್ಬಿಬ್ಬರು ನಕ್ಕರು. "ಎಷ್ಟು ಒಳ್ಳೆ ಮನುಷ್ಯ ನೋಡು," ಎಂದಳು ಮುತ್ತಿನ ಸರದವಳು. ಯಜಮಾನ ಮುದುಕಿಯ ಬೆನ್ನ ಹಿಂದೆ ತೋಳು ಚಾಚಿದ. ಮುಟ್ಟಲಿಲ್ಲ. ಕೋಳಿಯನ್ನು ಗೂಡಿಗೆ ಅಟ್ಟುವ ಹಾಗೆ ಒಂದು ಗೇಣು ದೂರದಿಂದಲೇ ತೋಳಾಡಿಸಿ ಅಡುಗೆಮನೆಯ ಕಡೆ ನಡೆಸಿದ.

ಮುದುಕಿ ಹೋದಳು. ಸೊಸೆಯೂ ಹಿಂದೆ ಹೋದಳು. ಹೋದಳು ಎಂದು ಹೇಳುವುದಕ್ಕೇ ಕೋಪ ಬರುತ್ತದೆ. ಆದರೆ ಹೋದಳು. ನಾಳೆ ಕೆಲಸಕ್ಕೆ ಬರಬೇಕಾದವಳು ಅವಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದ ತುತ್ತನ್ನೇ ಕಿತ್ತುಕೊಂಡರು, ಅದೂ ನಗುನಗುತ್ತ.

ಅಡುಗೆಮನೆಯ ಪರದೆ ದಾಟಿದ ಕೂಡಲೇ ಯಜಮಾನನ ನಗು ಬಿದ್ದುಹೋಯಿತು.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದ ಸೊಸೆಗೆ, ಹಲ್ಲು ಕಚ್ಚಿ. "ನೋಡಿದವರು ನಾಳೆಯಿಂದ ಬರ್ತಾರಾ? ಲಂಬೂ, ಆ ಸೂಪ್ ತಗೊಂಡು ಬಾ. ಅವರದೇ ತಟ್ಟೆ ಇದೆ ಮೊಳೇಲಿ, ಅದಕ್ಕೆ ಹಾಕು."

ಲಂಬು ಬಟ್ಟಲು ತಂದ. ಮೊಳೆಯಿಂದ ತಟ್ಟೆ ತೆಗೆದ. ತೊಳೆಯುವ ಕೋಣೆಯಲ್ಲಿ ಆ ದಿನದ ಎಂಜಲು ತಟ್ಟೆಗಳು ತೊಟ್ಟಿ ತುಂಬಿ ಚರಂಡಿಯವರೆಗೆ ಬಂದಿದ್ದವು. ಮುದುಕಿ ತನ್ನ ಹಳೆಯ ಮಣೆಯ ಮೇಲೆ ಕೂತಳು. ಲಂಬು ತಲೆ ತಗ್ಗಿಸಿ ಸೂಪನ್ನು ಚಪ್ಪಟೆ ತಟ್ಟೆಗೆ ಸುರಿದ. ಮುದುಕಿ ಅದನ್ನು ತೊಡೆಗೆ ಎತ್ತಿಕೊಂಡಳು. ತಟ್ಟೆ ವಾಲಿತು. ಅಂಚಿನ ತೂತಿನಿಂದ ಸೂಪು ಸಣ್ಣಗೆ ಹರಿದು ಅವಳ ಒಳ್ಳೆಯ ಬಟ್ಟೆಯ ಮೇಲೆ ಸುರಿಯಿತು. ಅವಳು ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಉಣ್ಣಲು ಹೋದಳು. ಸೊಸೆಯನ್ನು ನೋಡಿ ಸಮಾಧಾನ ಹೇಳಿದಳು.

"ಇರಲಿ ಬಿಡೇ. ಇನ್ನೂ ಬೆಚ್ಚಗಿದೆ."

ಯಜಮಾನ ಖಾಲಿ ಪಿಂಗಾಣಿ ಬಟ್ಟಲನ್ನು ಕಾಲಿನಿಂದ ಬದಿಗೆ ಸರಿಸಿದ. "ಇದನ್ನ ಬೇರೆ ಇಟ್ಟಿರು. ನಾಳೆ ಬಂದು ಬಿಸಿನೀರಲ್ಲಿ ಎರಡು ಸಲ ತೊಳಿ. ಗೊತ್ತಾಯ್ತಾ?"

ಅವನು ಅದನ್ನು ಹೇಳಿದ್ದು ಸೊಸೆಗೆ. ಅವಳ ಅತ್ತೆಯ ಬಾಯಿ ತಾಗಿದ ಬಟ್ಟಲನ್ನು ಅವಳೇ ಎರಡು ಸಲ ತೊಳೆಯಬೇಕು. ತೊಳೆಯುವ ಕೈ ಯಾವುದು, ಉಂಡ ಬಾಯಿ ಯಾವುದು, ಎರಡರ ನಡುವೆ ಇರುವ ಮೈಲಿಗೆ ಯಾವುದು? ಅವನಿಗೆ ಅದೆಲ್ಲ ಹೊಳೆಯಲೇ ಇಲ್ಲ. ಬಾಯಿ ತಪ್ಪಿ ಆಡಿದ ಮಾತಲ್ಲ ಅದು. ದಿನಾ ಆಡುವ ಮಾತಿನ ಹಾಗೆ ಆಡಿದ.

ಸೊಸೆ ಬಗ್ಗಿ ಆ ಬಟ್ಟಲನ್ನು ಎತ್ತಿಕೊಂಡಳು. ನಲ್ಲಿ ತಿರುಗಿಸಿ ತೊಳೆದಳು. ಒಂದೇ ಸಲ. ಒಲೆಯ ಹತ್ತಿರ ಹೋಗಿ ಹಂಡೆಯಿಂದ ಸೂಪು ತುಂಬಿದಳು. ಅಡುಗೆಯವನು "ಏಯ್" ಎಂದ. ಅವಳು ಅವನತ್ತ ನೋಡಲೂ ಇಲ್ಲ. ಅತ್ತೆಯ ಕೈಯಿಂದ ತೂತಿನ ತಟ್ಟೆ ಕಿತ್ತುಕೊಂಡು ಕಂಕುಳಿಗೆ ಇಟ್ಟುಕೊಂಡಳು.

"ಏಳಿ ಅತ್ತೆ."

"ಬೇಡವೇ. ಇಲ್ಲೇ ಉಣ್ತೀನಿ. ನಿನ್ನ ಕೆಲಸ ಹೋಗುತ್ತೆ."

"ಏಳಿ ಅಂದೆ."

ಮುದುಕಿ ಎದ್ದಳು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಅತ್ತೆ. ಸೊಸೆ ಪರದೆ ದಾಟಿ ಟೇಬಲ್ಲುಗಳ ಕಡೆ ಬಂದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿದಳು. ಬಟ್ಟಲು ಮುಂದಿಟ್ಟಳು. ಚಮಚ ಕೈಗೆ ಕೊಟ್ಟಳು.

"ಉಣ್ಣಿ."

ಯಜಮಾನ ಹಿಂದೆಯೇ ಓಡಿಬಂದ. ಜನರ ಮುಂದೆ ಮತ್ತೆ ನಗು ಹಚ್ಚಿಕೊಂಡಿದ್ದ, ಆದರೆ ಈ ಸಲ ಅದು ಸರಿಯಾಗಿ ಅಂಟಿರಲಿಲ್ಲ.

"ಏನಮ್ಮ ಇದು, ಮನೆಯವರೇ ಹಿಂಗೆ ಮಾಡಿದ್ರೆ ಹೆಂಗೆ?"

"ಮನೆಯವರಾ ಅಣ್ಣ?"

"ಮತ್ತಿನ್ನೇನು? ನಿಮ್ಮನ್ನ ಯಾವತ್ತಾದ್ರೂ ಹೊರಗಿನವರು ಅಂದಿದೀನಾ?"

ಸೊಸೆ ಕಂಕುಳಿನಿಂದ ತೂತಿನ ತಟ್ಟೆ ತೆಗೆದಳು. ಟೇಬಲ್ಲಿನ ಬುಟ್ಟಿಯಿಂದ ಒಂದು ತುಂಡು ಬ್ರೆಡ್ಡು ತೆಗೆದು ಅದರ ಮೇಲೆ ಇಟ್ಟಳು. ಅವನ ಎದೆಯ ಮಟ್ಟಕ್ಕೆ ಹಿಡಿದಳು.

"ಹಂಗಾದ್ರೆ ಇದು ಮನೆ ತಟ್ಟೆ. ನಮ್ಮತ್ತೆ ಜೀವಮಾನ ಇದ್ರಲ್ಲೇ ಉಂಡಿದಾರೆ. ನೀವೂ ಮನೆಯವರು. ಒಂದು ತುತ್ತು ತಿನ್ನಿ."

ಯಜಮಾನನ ಕೈ ಮುಂದೆ ಬರಲಿಲ್ಲ. ಮುಂದೆ ಬರದಿದ್ದರೆ ಬೇಡ, ಆ ಕೈ ನಿಧಾನಕ್ಕೆ ಬೆನ್ನ ಹಿಂದೆ ಹೋಯಿತು. ಎಲ್ಲರೂ ನೋಡಿದರು. ಸೊಸೆ ತಟ್ಟೆಯನ್ನು ಮೇಷ್ಟ್ರ ಕಡೆ ತಿರುಗಿಸಿದಳು.

"ನೀವು ತಿನ್ನಿ ಸಾರ್. ಅಂಚು ಕತ್ತರಿಸಿಕೊಡ್ಲಾ? ನಿಮಗೆ ಅಂಚು ಸೇರಲ್ಲ, ಗೊತ್ತು ನಂಗೆ."

ಮೇಷ್ಟ್ರ ಮುಖ ಕೆಂಪಾಯಿತು. "ನೋಡಮ್ಮ, ನಾನು ಇಂಥದ್ದನ್ನೆಲ್ಲ ಒಪ್ಪೋನಲ್ಲ. ಆದ್ರೆ ಎಲ್ಲದಕ್ಕೂ ಒಂದು ರೀತಿ ಇರುತ್ತೆ. ಇವತ್ತೊಂದಿನ ಒಳಗೆ ಕೂತಿದ್ರೆ ಏನಾಗ್ತಿತ್ತು?"

"ನೀವು ಇವತ್ತೊಂದಿನ ಒಳಗೆ ಕೂತ್ಕೊಳ್ಳಿ ಸಾರ್. ಮಣೆ ಖಾಲಿ ಇದೆ."

ಮೇಷ್ಟ್ರು ಗಡಿಯಾರ ನೋಡಿಕೊಂಡು ಎದ್ದರು. ಹೆಂಡತಿ ಮುತ್ತಿನ ಸರ ಹಿಡಿದುಕೊಂಡು ಹಿಂದೆಯೇ ಎದ್ದಳು. ಯಜಮಾನ ಅವರನ್ನು ತಡೆಯಲು ಹೋಗಿ, ಆಗದೆ, ತಿರುಗಿ ಬಂದ. ಅಲ್ಲಿಗೆ ಬೆಣ್ಣೆ ಕರಗಿತ್ತು.

"ಉಂಡ ಮನೆಗೆ ಎರಡು ಬಗೀತೀಯೇನೇ? ಅತ್ತೆ ಸೊಸೆ ಇಬ್ಬರನ್ನೂ ಸಾಕಿದ್ದಕ್ಕೆ ಇದಾ ಉಪಕಾರ?"

"ಉಂಡಿಲ್ಲ," ಎಂದಳು ಸೊಸೆ. ಕಿರುಚಲಿಲ್ಲ. "ಈ ಮನೇಲಿ ನಾವು ಉಂಡೇ ಇಲ್ಲ. ತೊಳ್ದಿದೀವಿ ಅಷ್ಟೆ. ನೀವು ಊರಿಗೆಲ್ಲ ಬಡಿಸಿದ ಪ್ರತಿ ತಟ್ಟೆ ಈ ಕೈ ಮುಟ್ಟಿದ್ದು. ಇದೋ, ನೋಡಿ." ತನ್ನ ಎರಡು ಅಂಗೈಗಳನ್ನೂ ಎತ್ತಿ ತೋರಿಸಿದಳು. ಯಜಮಾನನಿಗೆ ಮಾತ್ರ ಅಲ್ಲ, ಒಂದೊಂದು ಟೇಬಲ್ಲಿನ ಕಡೆಗೂ ತಿರುಗಿ ತೋರಿಸಿದಳು. "ಈ ಕೈ ಮುಟ್ಟಿದ್ರಲ್ಲಿ ನೀವೆಲ್ಲ ಉಣ್ಣಬಹುದು. ನೀವು ಉಣ್ಣೋದ್ರಲ್ಲಿ ನಾವು ಉಣ್ಣಬಾರದಾ? ಮೈಲಿಗೆ ಕೈಯಲ್ಲಿ ಇಲ್ದಿದ್ದು ಬಾಯಲ್ಲಿ ಎಲ್ಲಿಂದ ಬಂತು?"

ಇಬ್ಬರು ಮೂವರು ತಮ್ಮ ತಟ್ಟೆ ನೋಡಿಕೊಂಡರು. ಒಬ್ಬನು ತುತ್ತು ಬಾಯಲ್ಲಿಟ್ಟುಕೊಂಡೇ ಕೂತಿದ್ದ, ನುಂಗಲಿಲ್ಲ, ಉಗುಳಲೂ ಇಲ್ಲ. ಆಮೇಲೆ ಒಬ್ಬೊಬ್ಬರೇ ಎದ್ದು ಹೋದರು. ನ್ಯಾಯ ಕೇಳಿ ಯಾರ ಮನಸ್ಸೂ ಕರಗಲಿಲ್ಲ. ಊಟ ಕೆಟ್ಟಿತಲ್ಲ ಎಂದು ಎದ್ದರು.

"ನಾಳೆಯಿಂದ ಈ ಬೀದಿಗೆ ಕಾಲಿಡಬೇಡ," ಎಂದ ಯಜಮಾನ.

"ಇಡಲ್ಲ."

"ಇನ್ನೆಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ."

"ಮಾಡಿ."

ಅವನು ಹೇಳಿದ್ದನ್ನು ಮಾಡುವವನೇ ಎಂದು ಅವಳಿಗೆ ಗೊತ್ತು. ಕಾಲುವೆಯಾಚೆ ಕೆಲಸವಿಲ್ಲದ ಹೆಂಗಸರಿಗೆ ಬರವಿಲ್ಲ. ಹಸಿದ ಇನ್ನೊಬ್ಬಳು ನಾಳಿದ್ದಿನೊಳಗೆ ಆ ಮಣೆಯ ಮೇಲೆ ಕೂತಿರುತ್ತಾಳೆ ಎಂದೂ ಗೊತ್ತು. ಎಲ್ಲ ಗೊತ್ತಿದ್ದೂ ಕುರ್ಚಿ ಎಳೆದುಕೊಂಡು ಅತ್ತೆಯ ಎದುರಿಗೆ ಕೂತಳು.

ಮುದುಕಿ ಇನ್ನೂ ಚಮಚ ಎತ್ತಿರಲಿಲ್ಲ. ಗುಬ್ಬಚ್ಚಿಯಂತೆ ಕೂತು ಯಜಮಾನನನ್ನೇ ನೋಡುತ್ತಿದ್ದಳು. ಅವಳು ಹೆದರಿದ್ದಾಳೆ, ಈಗ ಕೈಮುಗಿದು ತಪ್ಪಾಯ್ತು ಎನ್ನುತ್ತಾಳೆ ಎಂದುಕೊಂಡಳು ಸೊಸೆ. ಮುದುಕಿ ಬಾಯಿಬಿಟ್ಟಳು.

"ಬಡಿಸ್ತೀನಿ ಅಂದಿದ್ಯಲ್ಲೋ ಮಗಾ."

ಯಜಮಾನ ಮುಖ ತಿರುಗಿಸಿದ. ಅವಳು ಇನ್ನೊಂದು ಗಳಿಗೆ ಕಾದಳು. ಆಮೇಲೆ ಚಮಚ ಎತ್ತಿ ಉಣ್ಣತೊಡಗಿದಳು.

ನಿಧಾನಕ್ಕೆ ಉಂಡಳು. ಒಂದು ಚಮಚಕ್ಕೂ ಇನ್ನೊಂದಕ್ಕೂ ನಡುವೆ ಉಸಿರಿಗಾಗಿ ನಿಲ್ಲಬೇಕಿತ್ತು. ಎದೆಯಿಂದ ಸೀಟಿಯಂಥ ಸದ್ದು ಬರುತ್ತಿತ್ತು. ಖಾಲಿ ಹೋಟೆಲಿನ ತುಂಬ ಅದೊಂದೇ ಸದ್ದು. ಯಜಮಾನ ಕೌಂಟರಿನಲ್ಲಿ ಉರಿಯುತ್ತ ನಿಂತಿದ್ದ. ಲಂಬು ಪರದೆಯ ಹತ್ತಿರ ನಿಂತಿದ್ದವನು ಬಂದು ಬ್ರೆಡ್ಡಿನ ಬುಟ್ಟಿಯನ್ನು ಮುದುಕಿಯ ಹತ್ತಿರಕ್ಕೆ ಸರಿಸಿ ಮತ್ತೆ ಹೋಗಿ ಅಲ್ಲೇ ನಿಂತ. ಸೂಪು ಆರಿತ್ತು. ಮುದುಕಿ ಅದನ್ನು ಹೇಳಲಿಲ್ಲ. ತಳ ಕಾಣುವವರೆಗೆ ಉಂಡಳು.

ಸೊಸೆ ಊಟದ ದುಡ್ಡು ತೆಗೆದು ಟೇಬಲ್ಲಿನ ಮೇಲಿಟ್ಟಳು.

"ದುಡ್ಡು ಬೇಡ, ತಗೊಂಡು ಹೋಗು," ಎಂದು ಯಜಮಾನ ಗದರಿದ.

"ತಗೊಳ್ಳಿ. ನಾವು ಮನೆಯವರಲ್ಲ, ಗಿರಾಕಿಗಳು."

ಏಳುವಾಗ ಮುದುಕಿಯ ಕೈ ಮತ್ತೆ ಬಟ್ಟಲಿನ ಕಡೆ ಹೋಯಿತು. ಬಟ್ಟಲನ್ನು ತಟ್ಟೆಯ ಮೇಲಿಟ್ಟು ಎತ್ತುವುದರಲ್ಲಿದ್ದಳು. ಸೊಸೆ ಅವಳ ಮಣಿಕಟ್ಟು ಹಿಡಿದಳು.

"ಬಿಡಿ ಅತ್ತೆ. ಅಲ್ಲೇ ಇರಲಿ."

"ಎಂಜಲು ಕಣೇ."

"ಇರಲಿ."

ಆ ಕೈ ಬಿಡಲಿಲ್ಲ. ಬೆರಳುಗಳು ಬಟ್ಟಲಿನ ಅಂಚಿಗೆ ಕಚ್ಚಿಕೊಂಡಿದ್ದವು. ಸೊಸೆ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ತೂತಿನ ತಟ್ಟೆಯೂ ಅಲ್ಲೇ ಇತ್ತು, ಯಾರೂ ಮುಟ್ಟದ ಬ್ರೆಡ್ಡಿನ ತುಂಡು ಅದರ ಮೇಲೆ. ಇಬ್ಬರೂ ಮುಂದಿನ ಬಾಗಿಲಿಂದ ಹೊರಗೆ ಬಂದರು.

ಹಿಂದೆ ಯಜಮಾನನ ದನಿ ಕೇಳಿಸಿತು. "ಎತ್ತೋ ಅದನ್ನ!"

"ಎತ್ತಿ ಎಲ್ಲಿಡಲಿ ಅಣ್ಣ? ತೊಟ್ಟಿ ತುಂಬಿದೆ," ಎಂದ ಲಂಬು. "ತೊಳೆಯೋರು ಯಾರು?"

ಯಜಮಾನ ಅದಕ್ಕೆ ಏನು ಹೇಳಿದನೋ ಕೇಳಿಸಲಿಲ್ಲ. ಕಿಟಕಿಯ ಗಾಜಿನಾಚೆ ಬಟ್ಟಲು ಹಾಗೇ ಕೂತಿತ್ತು. ಸೇತುವೆಯ ಹತ್ತಿರ ಮುದುಕಿಗೆ ನಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟಳು. ಕೆಳಗೆ ಕಪ್ಪು ನೀರು ಹರಿಯುತ್ತಿತ್ತು. ಅವಳು ಕತ್ತು ತಿರುಗಿಸಿ, ತಾವು ಬಂದ ಬೀದಿಯನ್ನೇ ನೋಡುತ್ತಿದ್ದಳು.

"ಒಣಗಿಬಿಡುತ್ತೆ ಕಣೇ," ಎಂದಳು. "ಆ ಸೂಪು ಒಣಗಿದ್ರೆ ಕಲ್ಲಾಗುತ್ತೆ. ಆಮೇಲೆ ಎಷ್ಟು ಉಜ್ಜಿದ್ರೂ ಹೋಗಲ್ಲ."

ಸೊಸೆ ಅವಳ ಉಗುರಿಲ್ಲದ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು.

"ಒಣಗಲಿ ಅತ್ತೆ."